ಬೇಸಿಗೆಯಲ್ಲಿ ಮಾತ್ರ ಮೇಲೇಳುವ ಹೊಳೆಯ ನೆಲಕ್ಕೆ ಯಾವ ಪದ?

ಮಾನ್ಯರೇ,

ಮಳೆಗಾಲದಲ್ಲಿ ಪೂರ್ತಿ ಮುಳುಗಿ, ನೀರಿಳಿದಾಗ ಮಾತ್ರ ಹೊಳೆಯ ನಡುವೆ ಕಾಣಿಸಿಕೊಳ್ಳುವ, ಗಿಡಮರಗಳಿಲ್ಲದ ಮರಳು ಕಲ್ಲುಗಳ ನೆಲಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ಈಗ ಎಲ್ಲದಕ್ಕೂ ‘ನಡುಗಡ್ಡೆ’ ಎಂದೇ ಬರೆಯುತ್ತಿದ್ದೇವೆ. ಕಾವೇರಿಯ ಜೀವಿಗಳ ಬಗ್ಗೆ ಬರೆಯುವವರಿಗೆ ಆ ಒಂದು ಪದ ಸಾಲದು.

ರಂಗನತಿಟ್ಟನ್ನೇ ನೋಡಿ. 1940ರಲ್ಲಿ ಪಕ್ಷಿಧಾಮವಾದ ಈ ಜಾಗದ ಹೆಸರಿನಲ್ಲೇ ‘ತಿಟ್ಟು’ ಇದೆ: ನೀರಿನ ನಡುವೆ ಎತ್ತರಕ್ಕೆ ನಿಂತ ನೆಲ. ಅಲ್ಲಿನ ಬಿದಿರು, ಮರಗಳ ಮೇಲೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳು ಗೂಡು ಕಟ್ಟುತ್ತವೆ. ನದಿ ರೀವ ಎಂಬ ನೀರುಹಕ್ಕಿಗೆ ಮಾತ್ರ ಮರ ಬೇಡ. ಅದು ಬೇಸಿಗೆಯಲ್ಲಿ ಬರಿ ಮರಳಿನಲ್ಲೋ ಬಂಡೆಯ ಮೇಲೋ ಮೊಟ್ಟೆ ಇಡುತ್ತದೆ. ಅಣೆಕಟ್ಟಿನಿಂದ ಏಕಾಏಕಿ ನೀರು ಬಿಟ್ಟರೆ ಆ ಮೊಟ್ಟೆಗಳು ಕೊಚ್ಚಿಹೋಗುತ್ತವೆ, ಎತ್ತರದ ಮರದಲ್ಲಿರುವ ಕೊಕ್ಕರೆಯ ಗೂಡಿಗೆ ಅಷ್ಟು ಅಪಾಯವಿಲ್ಲ. ಎರಡೂ ನೆಲಕ್ಕೆ ಒಂದೇ ಹೆಸರಿಟ್ಟರೆ ಈ ಅಪಾಯ ಓದುಗರಿಗೆ ತಿಳಿಯುವುದಾದರೂ ಹೇಗೆ?

ನನ್ನ ಮುಂದಿರುವ ಬೇರೆ ಪದಗಳೂ ಹೊಂದುತ್ತಿಲ್ಲ. ಕರಾವಳಿಯ ‘ಕುದ್ರು’ ಎಂದೊಡನೆ ತೆಂಗಿನ ತೋಟ, ಮನೆಗಳು ಕಣ್ಣಿಗೆ ಬರುತ್ತವೆ. ಕೃಷ್ಣೆಯ ನಡುವಿನ ಕುರುವಪುರದ ‘ಕುರುವ’ವೂ ಜನವಸತಿಯ ದ್ವೀಪವೇ. ‘ದ್ವೀಪ’ ಕಡಲಿನ ಕಡೆಗೆ ಎಳೆಯುತ್ತದೆ. ‘ಮರಳದಿಬ್ಬ’ ಹತ್ತಿರದ್ದು, ಆದರೆ ಅದು ಹೊಳೆಯ ನಡುವೆಯೇ ಇರಬೇಕಿಲ್ಲ. ಬಂಡೆಗಳನ್ನಂತೂ ಅದು ಒಳಗೊಳ್ಳುವುದೇ ಇಲ್ಲ. ಸದ್ಯಕ್ಕೆ ನನ್ನ ಒಲವು ಮರವಿರುವುದಕ್ಕೆ ‘ತಿಟ್ಟು’, ಜನವಸತಿ ಇರುವುದಕ್ಕೆ ‘ನಡುಗಡ್ಡೆ’ ಎಂದು ಬೇರ್ಪಡಿಸಿ ಬಳಸುವ ಕಡೆಗಿದೆ. ಮೂರನೆಯದರ ಜಾಗ ಖಾಲಿ ಉಳಿದಿದೆ.

ಹೊಸ ಪದ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ಹರಿಗೋಲು ಹಾಕುವವರು, ಬಲೆ ಬೀಸುವವರು ದಿನವೂ ಈ ನೆಲವನ್ನು ಬಳಸಿಕೊಂಡೇ ಹೋಗುತ್ತಾರೆ. ಅವರ ಬಾಯಲ್ಲಿ ಹೆಸರು ಇದ್ದೇ ಇರುತ್ತದೆ. ಕಾವೇರಿ, ತುಂಗಭದ್ರೆ, ಕೃಷ್ಣೆಯ ದಂಡೆಯ ಮಾತು ಬಲ್ಲವರು ಆ ಪದವನ್ನು, ಸಾಧ್ಯವಾದರೆ ಒಂದು ಪೂರ್ತಿ ವಾಕ್ಯದೊಡನೆ, ತಿಳಿಸಬೇಕು. ಮರಳಿಗೂ ಬಂಡೆಗೂ ಬೇರೆ ಬೇರೆ ಹೆಸರಿದ್ದರೆ ಎರಡನ್ನೂ ಕೊಡಿ. ಜೊತೆಗೆ, ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳಲ್ಲಿರುವುದು ಇದೇ ‘ತಿಟ್ಟು’ವೇ?