ಕಡತಗಳ ಹಳೆಯ ದಿನಾಂಕ ಕೆಡದಂತೆ ಸಾಗಿಸಿದವರು ಅನುಭವ ತಿಳಿಸಿ

ಹಳೆಯ ವಿಂಡೋಸ್ ಗಣಕದಲ್ಲಿರುವ ಹನ್ನೆರಡು ವರ್ಷಗಳ ಕಡತಗಳನ್ನು ವೈಫೈ ಮೂಲಕ ಲಿನಕ್ಸ್ ಗಣಕಕ್ಕೆ ಸಾಗಿಸಬೇಕು. ಪ್ರಯೋಗಕ್ಕೆ ಹತ್ತು ಕಳುಹಿಸಿದೆ. ಎಲ್ಲದರ ಮೇಲೂ ಇಂದಿನ ದಿನಾಂಕ. ನೀವೆಲ್ಲ ಏನು ಮಾಡಿದಿರಿ?

ದಾವಣಗೆರೆಯಿಂದ: ಹತ್ತಕ್ಕೇ ಗೊತ್ತಾಯಿತಲ್ಲ, ಪುಣ್ಯವಂತರು. ನನಗೆ ಗೊತ್ತಾದದ್ದು 11,400 ಮುಗಿದ ಮೇಲೆ. ಅಪ್ಪನ ಪತ್ರಗಳು, ಜಮೀನಿನ ಕಾಗದಗಳು. ಅಮ್ಮನೂ ನಾನೂ ಐದು ವರ್ಷ ಕುಳಿತು ಸ್ಕ್ಯಾನ್ ಮಾಡಿದ್ದು. ಜಾಲದ ಮೂಲಕ ಕಡತ ನಕಲಿಸುವ ಎಸ್‌ಸಿಪಿ ಆಜ್ಞೆಯಲ್ಲಿ ಕಳುಹಿಸಿದೆ, ದಿನಾಂಕ ಉಳಿಸುವ ಸಣ್ಣ ಪಿ ಆಯ್ಕೆ ಹಾಕಲಿಲ್ಲ. ಒಂಬತ್ತು ಗಂಟೆ ಓಡಿತು. ಅದೇ ರಾತ್ರಿ ಹಳೆಯ ಡಿಸ್ಕ್ ಅಳಿಸಿ ತಂಗಿಯ ಮಗನಿಗೆ ಕೊಟ್ಟುಬಿಟ್ಟೆ. ಬೆಳಿಗ್ಗೆ ನೋಡಿದರೆ ಸಾಲು ಸಾಲಾಗಿ ಒಂದೇ ಭಾನುವಾರ. ಅಪ್ಪ ಇದ್ದಾಗ ಸ್ಕ್ಯಾನ್ ಮಾಡಿದ್ದು ಯಾವುದು, ಹೋದ ಮೇಲೆ ಮಾಡಿದ್ದು ಯಾವುದು ಎನ್ನುವುದಕ್ಕೆ ಇದ್ದ ಗುರುತು ಅದೊಂದೇ.

ಹುಬ್ಬಳ್ಳಿಯಿಂದ: ನಾನು ಮದುವೆ ಛಾಯಾಗ್ರಾಹಕ. ನನ್ನದೂ ಹೀಗೇ ಹೋಗಿತ್ತು. ಆದರೆ ಕ್ಯಾಮೆರಾ ಬರೆದ ದಿನಾಂಕ ಚಿತ್ರದ ಒಳಗೇ ಇರುತ್ತದೆ. ಅದನ್ನು ಓದುವ ಎಕ್ಸಿಫ್‌ಟೂಲ್ ತಂತ್ರಾಂಶದಿಂದ ಹೊರತೆಗೆದು ಕಡತಗಳಿಗೆ ಮತ್ತೆ ಹಚ್ಚಿದೆ, ಒಂದೇ ಸಂಜೆಯ ಕೆಲಸ. ಇಷ್ಟಕ್ಕೆ ಗೋಳಾಡಬೇಕಾಗಿಲ್ಲ.

ದಾವಣಗೆರೆಯಿಂದ: ಸ್ಕ್ಯಾನ್ ಮಾಡಿದ ಕಾಗದಕ್ಕೆ ಯಾವ ಕ್ಯಾಮೆರಾ ಸ್ವಾಮಿ? ನನ್ನ ಪಿಡಿಎಫ್‌ಗಳನ್ನೆಲ್ಲ ಆಯಾ ದಿನವೇ ಇನ್ನೊಂದು ತಂತ್ರಾಂಶದಲ್ಲಿ ಕುಗ್ಗಿಸಿದ್ದೆ, ಒಳಗಿನ ದಿನಾಂಕವೂ ಅಳಿಸಿಹೋಗಿತ್ತು. ಗೋಳು ಎನ್ನುವ ಮೊದಲು ಓದಿ.

ಬೆಂಗಳೂರಿನಿಂದ: ಇಬ್ಬರೂ ಬದಲಾದ ಕಡತಗಳನ್ನಷ್ಟೇ ನಕಲಿಸುವ ಆರ್‌ಸಿಂಕ್ ಬಳಸಬೇಕಿತ್ತು. ನಾನೂ ಮೊದಲು ಪ್ರತಿ ರಾತ್ರಿಯ ನಕಲಿಗೆ ಬರೀ ಆರ್ ಆಯ್ಕೆ ಕೊಟ್ಟು ಕೆಟ್ಟವನೇ, ಅದು ಒಳಫೋಲ್ಡರುಗಳನ್ನೂ ನಕಲಿಸುತ್ತದೆ, ಸಮಯ ಉಳಿಸುವುದಿಲ್ಲ. ಆರ್‌ಸಿಂಕ್ ಗಾತ್ರ ಮತ್ತು ಸಮಯ ಎರಡನ್ನೂ ನೋಡಿ ಕಡತ ಬದಲಾಗಿದೆಯೇ ಎಂದು ತೀರ್ಮಾನಿಸುತ್ತದೆ. ಸಮಯ ಉಳಿಯದ ಕಾರಣ ಪ್ರತಿ ರಾತ್ರಿ 640 ಗಿಗಾಬೈಟ್ ಮೊದಲಿನಿಂದ ಓದುತ್ತಿತ್ತು. ಮೂರು ವಾರ ಡಿಸ್ಕಿನ ಸದ್ದಿಗೆ ಮನೆಯವರು ನಿದ್ದೆಗೆಟ್ಟರು. ಸಮಯವನ್ನೂ ಉಳಿಸುವ ಸಣ್ಣ ಎ ಕೊಟ್ಟ ರಾತ್ರಿ ಕೊನೆಯ ಸಲ ಎಲ್ಲವನ್ನೂ ಓದಿತು, ಮರುರಾತ್ರಿ ನಾಲ್ಕು ನಿಮಿಷಕ್ಕೆ ಮುಗಿಯಿತು. ಪರಿಶೀಲಿಸದೆ ಮೂಲವನ್ನು ಅಳಿಸುವುದು ಮಾತ್ರ ಕ್ಷಮಿಸಲಾಗದ ಬೇಜವಾಬ್ದಾರಿ.

ಮಂಗಳೂರಿನಿಂದ: ಅಪ್ಪನನ್ನು ಕಳೆದುಕೊಂಡವರಿಗೆ ಹೇಳುವ ಮಾತೇ ಇದು? ಬುದ್ಧಿವಾದ ನಿಮ್ಮಲ್ಲೇ ಇರಲಿ. ನಾನು ವೈಫೈಯನ್ನು ನಂಬದೆ ಪೆನ್‌ಡ್ರೈವಿನಲ್ಲಿ ಸಾಗಿಸಿದವಳು. ಅದರಲ್ಲಿ ಕಡತ ಜೋಡಿಸಿಡುವ ಪದ್ಧತಿ ಹಳೆಯ ಫ್ಯಾಟ್ 32. ಸಮಯವನ್ನು ಸ್ಥಳೀಯ ಗಡಿಯಾರದಂತೆ ಬರೆದುಕೊಳ್ಳುತ್ತದೆ, ಅದೂ ಎರಡು ಸೆಕೆಂಡಿನ ಲೆಕ್ಕದಲ್ಲಿ. ಲಿನಕ್ಸ್ ಅದನ್ನು ಗ್ರೀನಿಚ್ ಸಮಯವೆಂದು ಓದಿತು. ಬೆಳಿಗ್ಗೆ ಹತ್ತರ ಕಡತ ಮಧ್ಯಾಹ್ನ ಮೂರೂವರೆಗೆ ಬಂದು ಕುಳಿತಿತ್ತು. ರಾತ್ರಿ ಬರೆದವೆಲ್ಲ ಮರುದಿನಕ್ಕೆ ಜಾರಿದ್ದವು. ಎರಡನೆಯ ಸಲ ವಿಂಡೋಸ್‌ನ ನಕಲು ಆಜ್ಞೆಯಾದ ರೋಬೋಕಾಪಿಯಿಂದ ಲಿನಕ್ಸ್ ಗಣಕದ ಹಂಚಿಕೆಯ ಫೋಲ್ಡರಿಗೆ ಕಳುಹಿಸಿದೆ. ಕಡತಗಳ ದಿನಾಂಕ ಉಳಿಯಿತು, ಫೋಲ್ಡರುಗಳದ್ದು ಹೋಯಿತು. ಅದಕ್ಕೆ ಫೋಲ್ಡರುಗಳಿಗೆಂದೇ ಇರುವ ಡಿಕಾಪಿ ಎಂಬ ಆಯ್ಕೆಯಲ್ಲಿ ಟಿ ಬೇರೆಯಾಗಿ ಕೊಡಬೇಕಂತೆ. ಮೂರನೆಯ ಸಲಕ್ಕೆ ಸರಿಯಾಯಿತು.

ಬೆಂಗಳೂರಿನಿಂದ: ನಾನು ಸಾವಿನ ಬಗ್ಗೆ ಒಂದಕ್ಷರ ಆಡಿಲ್ಲ. ಪೆನ್‌ಡ್ರೈವ್ ಹಿಡಿದವರಿಂದ ನನಗೆ ಪಾಠ ಬೇಡ.

ಹುಬ್ಬಳ್ಳಿಯಿಂದ: ಮೂಲ ಅಳಿಸಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಗೋಳು ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ದಾವಣಗೆರೆಯಿಂದ: ತಪ್ಪು ನನ್ನದೇ, ಇಲ್ಲವೆಂದು ಯಾವಾಗ ಹೇಳಿದೆ? ಪ್ರತಿದಿನ ಎಷ್ಟು ಹಾಳೆಯಾಯಿತೆಂದು ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಅದನ್ನು ಮುಂದಿಟ್ಟುಕೊಂಡು ಟಚ್ ಆಜ್ಞೆಯಿಂದ ಒಂದೊಂದಕ್ಕೇ ದಿನಾಂಕ ಹಾಕುತ್ತಿದ್ದೇನೆ. ಈವರೆಗೆ 2,316 ಆಗಿವೆ.