ಫೋಮ್ ವಿಮಾನ ಮೂಗೆತ್ತಿ ಬೀಳುತ್ತಿದೆ: ರೆಕ್ಕೆಯ ಉಬ್ಬು ಸಾಲದೇ?

ಬಳ್ಳಾರಿ ಬಿಸಿಲು:
ಎಲ್ಲರಿಗೂ ನಮಸ್ಕಾರ. ಫೋಮ್ ಹಾಳೆಯಿಂದ ರಿಮೋಟ್ ವಿಮಾನ ಮಾಡಿದ್ದೇನೆ. ರೆಕ್ಕೆ ತುದಿಯಿಂದ ತುದಿಗೆ 100 ಸೆಂ.ಮೀ., ಅಗಲ 18 ಸೆಂ.ಮೀ., ಬ್ಯಾಟರಿ ಸೇರಿ ತೂಕ 420 ಗ್ರಾಂ. ಕೈಯಿಂದ ಎಸೆದರೆ ನಾಲ್ಕು ಮಾರು ಹೋಗಿ ಮೂಗೆತ್ತುತ್ತದೆ, ಒಂದು ಗಳಿಗೆ ನಿಂತಂತಾಗಿ ದೊಪ್ಪನೆ ಕುಸಿಯುತ್ತದೆ. ಎರಡು ಪ್ರೊಪೆಲ್ಲರ್ ಹೋದವು. ಮೇಲಿನ ಗಾಳಿ ಹೆಚ್ಚು ದೂರ ಸಾಗಿ ಕೆಳಗಿನ ಗಾಳಿಯನ್ನು ಹಿಂದಂಚಿನಲ್ಲಿ ಕೂಡಿಕೊಳ್ಳಬೇಕು, ಅದಕ್ಕೇ ಅದರ ವೇಗ ಹೆಚ್ಚು ಎಂದು ಓದಿದ್ದೆ. ಹಾಗಾಗಿ ಮೇಲೆ ಇನ್ನೊಂದು ಪದರ ಅಂಟಿಸಿ ಉಬ್ಬು ಹೆಚ್ಚಿಸಿದೆ. ಇನ್ನೂ ಹದಗೆಟ್ಟಿತು. ಉಬ್ಬು ಎಷ್ಟಿರಬೇಕು?

ಕೊಪ್ಪಳದ ಮೇಷ್ಟರು:
ಉಬ್ಬಿನ ತಂಟೆಗೆ ಹೋಗಬೇಡ ತಮ್ಮಾ. ರೆಕ್ಕೆಯ ಕೆಳಗೆ ಎರಡು ತೋರುಬೆರಳಿಟ್ಟು ಎತ್ತು. ಎಲ್ಲಿ ಸಮತೂಗುತ್ತದೆ? ಮುಂದಂಚಿನಿಂದ ಅಳೆದು ಹೇಳು.

ಬಳ್ಳಾರಿ ಬಿಸಿಲು:
ಸರಿಯಾಗಿ ನಡುವೆ ಸರ್, 9 ಸೆಂ.ಮೀ. ಅಲ್ಲೇ ಇರಬೇಕಲ್ಲವೇ?

ಕೊಪ್ಪಳದ ಮೇಷ್ಟರು:
ಕಳ್ಳ ಸಿಕ್ಕ. ರೆಕ್ಕೆಯ ಎತ್ತುಬಲ ಅಗಲದ ನಡುವೆ ಕೆಲಸ ಮಾಡುವುದಿಲ್ಲ. ಮುಂದಂಚಿನಿಂದ ಸುಮಾರು ಕಾಲು ಭಾಗದ ಬಳಿ ಮಾಡುತ್ತದೆ. ನಿನ್ನ ತೂಕ ಅದಕ್ಕಿಂತ ಬಹಳ ಹಿಂದಿದೆ. ಮೂಗು ಚೂರು ಎದ್ದರೆ ಎತ್ತುಬಲ ಹೆಚ್ಚುತ್ತದೆ, ಅದು ಮೂಗನ್ನು ಇನ್ನಷ್ಟು ಎತ್ತುತ್ತದೆ. ಗಾಳಿಗೆ ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿತೆಂದರೆ, ಚಿಕ್ಕ ಮಾದರಿಗಳಲ್ಲಿ ಅದಕ್ಕೂ ಮೊದಲೇ, ಗಾಳಿ ಮೇಲ್ಮೈ ಬಿಟ್ಟು ಸುಳಿಯಾಗುತ್ತದೆ. ಎತ್ತುಬಲ ಥಟ್ಟನೆ ಇಳಿಯುತ್ತದೆ. ನೀನು ನೋಡಿದ್ದು ಅದನ್ನೇ. ಅಂಟಿಸಿದ ಪದರದ ತೂಕವೂ ಹಿಂದಕ್ಕೇ ಬಿದ್ದಿರಬೇಕು.

ಇನ್ನು ನೀನು ಓದಿದ್ದು. ಮೇಲೆ ವೇಗ ಹೆಚ್ಚು, ಒತ್ತಡ ಕಡಿಮೆ ಎಂಬುದು ನಿಜ; ಆದರೆ ಎರಡು ಗಾಳಿಗಳೂ ಒಟ್ಟಿಗೆ ಸೇರಬೇಕೆಂಬ ಕರಾರು ಎಲ್ಲಿಯೂ ಇಲ್ಲ. ಗಾಳಿಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನದು ಮೊದಲೇ ಹಿಂದಂಚು ದಾಟಿರುತ್ತದೆ. ಉಬ್ಬೇ ಎಲ್ಲವೂ ಆಗಿದ್ದರೆ ವಿಮಾನ ತಲೆಕೆಳಗಾಗಿ ಹಾರುತ್ತಲೇ ಇರಲಿಲ್ಲ. ನಿನ್ನ ಮನೆಯ ಸೀಲಿಂಗ್ ಫ್ಯಾನ್ ನೋಡು: ತೆಳ್ಳನೆಯ ತಗಡು, ಸ್ವಲ್ಪ ಓರೆ, ಅಷ್ಟೆ. ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ರೆಕ್ಕೆಯೂ ಗಾಳಿಯನ್ನು ಕೆಳಕ್ಕೆ ಬಾಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ. ಒತ್ತಡದ ಲೆಕ್ಕ ಹಾಕಿದರೂ ಇದೇ ಉತ್ತರ ಬರುತ್ತದೆ. ಪದರ ಕಿತ್ತು ಬ್ಯಾಟರಿ ಮುಂದಕ್ಕೆ ಸರಿಸು. 4.5ರಿಂದ 5 ಸೆಂ.ಮೀ. ಒಳಗೆ ತೂಗಬೇಕು. ಆಕಾಶ ನೋಡಿ ಎಸೆಯಬೇಡ, ನೆಟ್ಟಗೆ ಎಸೆ.

ನಾನೊಮ್ಮೆ ಕಿನ್ನಾಳದ ಗೊಂಬೆಗಳ ಹಗುರ ಮರದಲ್ಲಿ ವಿಮಾನದ ಮೈ ಕೆತ್ತಿಸಿ, ಚೆಂದಕ್ಕೆಂದು ಬಾಲಕ್ಕೆ ಬಣ್ಣ ಮೆತ್ತಿಸಿದ್ದೆ. ಅದೂ ನಿನ್ನದರಂತೆಯೇ ಮೂಗೆತ್ತಿತು.

ಎಡೆದೊರೆ ಗಾಳಿ:
ರಾಯಚೂರಿನಿಂದ ಒಂದು ಮಾತು. ಮಧ್ಯಾಹ್ನ ಹಾರಿಸಬೇಡಪ್ಪ. ಬಳ್ಳಾರಿ ಸಮುದ್ರಮಟ್ಟದಿಂದ 450 ಮೀಟರಿಗಿಂತ ಎತ್ತರದಲ್ಲಿದೆ. 42 ಡಿಗ್ರಿ ಬಿಸಿಲಿಗೆ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.06 ಕಿಲೋಗೆ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿಗೆ ಅದು 1.225. ಅಷ್ಟೇ ತೂಕ ಎತ್ತಲು ವೇಗ ಶೇ 7ರಷ್ಟು ಹೆಚ್ಚು ಬೇಕು. ಎತ್ತುಬಲ ವೇಗದ ವರ್ಗದಂತೆ ಏರುವುದರಿಂದ ಅಷ್ಟರಲ್ಲೇ ಮುಗಿಯಿತು, ಇಲ್ಲದಿದ್ದರೆ ಕಷ್ಟವಿತ್ತು. ನನ್ನ ಲೆಕ್ಕಕ್ಕೆ ನಿನ್ನ ವಿಮಾನಕ್ಕೆ ಗಂಟೆಗೆ 24 ಕಿ.ಮೀ. ಆದರೂ ಬೇಕು.

ಬಳ್ಳಾರಿ ಬಿಸಿಲು:
ಬ್ಯಾಟರಿ ಸರಿಸಿದ್ದು ಸಾಲದೆ ಮೂಗಿಗೆ ಎರಡು ಐದು ರೂಪಾಯಿ ನಾಣ್ಯ ಟೇಪ್ ಹಾಕಿದೆ. ಈಗ 5 ಸೆಂ.ಮೀ.ಗೆ ತೂಗುತ್ತದೆ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಮೋಟಾರ್ ಹಚ್ಚದೆ ಎಸೆದೆ. ಮೂಗೆತ್ತಲಿಲ್ಲ ಸರ್! ತೇಲಿಕೊಂಡು ಹೋಗಿ ಹುಲ್ಲಿನ ಮೇಲೆ ಕುಳಿತಿತು. ಆದರೆ ಪ್ರತಿ ಸಲವೂ ಬಲಕ್ಕೆ ವಾಲುತ್ತದೆ.

ಕೊಪ್ಪಳದ ಮೇಷ್ಟರು:
ಹಿಂದಿನಿಂದ ಒಂದು ಕಣ್ಣು ಮುಚ್ಚಿ ಎರಡೂ ರೆಕ್ಕೆಗಳ ಹಿಂದಂಚು ನೋಡು. ಎಡಗಡೆಯದು ಕೆಳಗೆ ಬಾಗಿರಬೇಕು.

ಬಳ್ಳಾರಿ ಬಿಸಿಲು:
ಬೆಂಕಿಕಡ್ಡಿಯಷ್ಟು ಬಾಗಿದೆ. ನಿನ್ನೆ ಬಿಸಿಲಿನಲ್ಲಿ ಸ್ಕೂಟರಿಗೆ ಒರಗಿಸಿ ಇಟ್ಟಿದ್ದೆ.