ತ್ಸಿಮ್ಟ್‌ಶ್ಟೆರ್ನೆ ನಕ್ಷತ್ರ ಒಲೆಯಲ್ಲಿ ಹರಡಿಹೋಗುತ್ತಿದೆ, ಯಾರಾದರೂ ದಾರಿ ಹೇಳಿ

ನೆಕ್ಕರ್‌ದಂಡೆ
ತ್ಸಿಮ್ಟ್‌ಶ್ಟೆರ್ನೆ ಅಂದರೆ ಜರ್ಮನಿಯವರು ಕ್ರಿಸ್‌ಮಸ್‌ಗೆ ಮಾಡುವ ಚಕ್ಕೆ ಘಮದ ನಕ್ಷತ್ರ ಬಿಸ್ಕೆಟ್. ಮೂರು ಸಲ ಮಾಡಿದೆ, ಮೂರು ಸಲವೂ ಹಾಳು. ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಕೆಳಗಿನ ಮನೆಯ ಅಜ್ಜಿ ತಮ್ಮ ಕೈಬರಹದ ಚೀಟಿ ಕೊಟ್ಟಿದ್ದಾರೆ. 3 ಮೊಟ್ಟೆಯ ಬಿಳಿ, 250 ಗ್ರಾಂ ಸಕ್ಕರೆ ಪುಡಿ, 400 ಗ್ರಾಂ ಬಾದಾಮಿ ಪುಡಿ, 2 ಚಮಚ ಚಕ್ಕೆ ಪುಡಿ. ಮೈದಾ ಇಲ್ಲ, ಬೆಣ್ಣೆ ಇಲ್ಲ. ಬಿಳಿಯನ್ನು ಗಟ್ಟಿ ನೊರೆ ಮಾಡಿ ಸಕ್ಕರೆ ಸೇರಿಸಿದೆ. ಮೇಲೆ ಸವರಲು 5 ಚಮಚ ತೆಗೆದಿಟ್ಟು ಉಳಿದದ್ದಕ್ಕೆ ಬಾದಾಮಿ, ಚಕ್ಕೆ ಕಲೆಸಿದೆ. ಹಿಟ್ಟು ಗೋಂದಿನ ಹಾಗೆ ಕೈಗೆ ಅಂಟುತ್ತದೆ. ಅಚ್ಚಿನಿಂದ ಬಿಡುವುದೇ ಇಲ್ಲ. ಒಲೆಗೆ ಇಟ್ಟ ಐದು ನಿಮಿಷಕ್ಕೆ ನಕ್ಷತ್ರದ ಮೊನೆಗಳೆಲ್ಲ ಮಾಯ. ಮೇಲಿನ ಬಿಳಿ ಲೇಪ ಹಳದಿಯಾಗಿ ಬಿರುಕು ಬಿಡುತ್ತದೆ. ಅಳತೆ ಒಂದು ಗ್ರಾಂ ಆಚೀಚೆ ಆಗಿಲ್ಲ. ಭಾನುವಾರ ಮೊದಲ ಆಡ್ವೆಂಟ್ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು), ಅಜ್ಜಿ ಕಾಫಿಗೆ ಬರುತ್ತಾರೆ. ಅವರದೇ ಬಿಸ್ಕೆಟ್ ಅವರ ಮುಂದೆ ಇಡಬೇಕು ಅಂತ ತುಂಬಾ ಆಸೆ.

ಬಿಸಿಒಲೆ
ಒಲೆಯ ಬಿಸಿ ಜಾಸ್ತಿ, ಬೇರೇನೂ ಅಲ್ಲ. ಎಷ್ಟಕ್ಕೆ ಇಟ್ಟಿದ್ದಿರಿ? ಫ್ಯಾನ್ ಹಾಕಿದ್ದಿರಾ?

ನೆಕ್ಕರ್‌ದಂಡೆ
150 ಡಿಗ್ರಿ, ಚೀಟಿಯಲ್ಲಿ ಇದ್ದ ಹಾಗೆ. ಫ್ಯಾನ್ ಇತ್ತು.

ಬಿಸಿಒಲೆ
ಸಿಕ್ಕಿತು ನೋಡಿ. ಚೀಟಿಯ 150 ಮೇಲೆ-ಕೆಳಗಿನ ಕಾವಿಗೆ. ಫ್ಯಾನ್ ಇದ್ದರೆ 20 ಡಿಗ್ರಿ ಇಳಿಸಬೇಕು. ಈ ಬಿಸ್ಕೆಟ್ ಬೇಯುವುದಕ್ಕಿಂತ ಒಣಗುವುದೇ ಜಾಸ್ತಿ, ಅದಕ್ಕೇ ಕಾವು ಕಡಿಮೆ ಇರುವುದು.

ನೆಕ್ಕರ್‌ದಂಡೆ
ಫ್ಯಾನ್ ತೆಗೆದು ಮಾಡಿದೆ, 130ಕ್ಕೂ ಮಾಡಿದೆ. ಅದೇ ಕಥೆ. ಹಿಟ್ಟು ಒಲೆಗೆ ಹೋಗುವ ಮೊದಲೇ ಅಂಟುತ್ತಿದೆಯಲ್ಲ ಸರ್?

ಬಿಸಿಒಲೆ
ಒಲೆಯೊಳಗೆ ತರ್ಮಾಮೀಟರ್ ಇಟ್ಟು ನೋಡಿದಿರಾ? ಗುಂಡಿ ಮೇಲಿನ ಅಂಕಿ ನಂಬಬೇಡಿ. ನನ್ನ ಒಟಿಜಿ (ಮನೆಯ ಪುಟ್ಟ ಕರೆಂಟ್ ಒಲೆ) 150 ಅಂದರೆ ಒಳಗೆ 170 ತೋರಿಸುತ್ತದೆ.

ಚಕ್ಕೆಮೊಗ್ಗು
ಯಾವ ಚಕ್ಕೆ ಹಾಕಿದಿರಿ ಅಂತ ಯಾರೂ ಕೇಳಲಿಲ್ಲ. ಊರಿಂದ ತಂದ ದಪ್ಪ ಚಕ್ಕೆಯಾ? ಅದು ಕ್ಯಾಸಿಯಾ. ಸಿಲೋನ್ ಚಕ್ಕೆ ಬೀಡಿ ಸುತ್ತಿದ ಹಾಗೆ ತೆಳು ಪದರ ಪದರವಾಗಿ ಇರುತ್ತದೆ, ಬೆರಳಲ್ಲೇ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನುವ ಅಂಶ ಜಾಸ್ತಿ, ಅದು ಲಿವರ್‌ಗೆ ಒಳ್ಳೆಯದಲ್ಲ. 2006ರಲ್ಲಿ ಜರ್ಮನಿಯಲ್ಲಿ ಇದೇ ಬಿಸ್ಕೆಟ್ ವಿಷಯಕ್ಕೆ ದೊಡ್ಡ ಗಲಾಟೆ ಆಗಿತ್ತು. ಈಗ ಯುರೋಪಿನ ನಿಯಮದಂತೆ ಇಂಥ ಹಬ್ಬದ ಬೇಕರಿ ತಿಂಡಿಯ ಒಂದು ಕಿಲೋದಲ್ಲಿ 50 ಮಿಲಿಗ್ರಾಂ ಮೀರುವಂತಿಲ್ಲ. ಮಕ್ಕಳಿಗೆ ಕೊಡುವುದಾದರೆ ಸಿಲೋನೇ ತನ್ನಿ.

ಬಿಸಿಒಲೆ
ಮೇಡಂ, ಹಿಟ್ಟು ಹರಡುವುದಕ್ಕೂ ಲಿವರ್‌ಗೂ ಏನು ಸಂಬಂಧ?

ಚಕ್ಕೆಮೊಗ್ಗು
ತಿನ್ನುವವರಿಗೆ ಸಂಬಂಧ ಇದೆ. ನಾನು ಹೇಳುವುದನ್ನು ಹೇಳಿದೆ.

ತಟ್ಟೆಲೋಟ
ಎರಡು ಚಮಚ ಮೈದಾ ಸೇರಿಸಿ, ಹಿಟ್ಟು ಕೂಡಿಕೊಳ್ಳುತ್ತದೆ. ಇಷ್ಟಕ್ಕೆಲ್ಲ ಒದ್ದಾಡಬೇಡಿ.

ಚಕ್ಕೆಮೊಗ್ಗು
ಮೈದಾ ಬೇಡ. ಇದು ಬಾದಾಮಿಯದ್ದೇ ಬಿಸ್ಕೆಟ್. ಆ ಹೆಸರಿನಲ್ಲಿ ಮಾರಬೇಕಾದರೆ ಬಾದಾಮಿ ಕನಿಷ್ಠ 25 ಶೇಕಡಾ ಇರಬೇಕು, ಧಾನ್ಯದ ಹಿಟ್ಟು 10 ಶೇಕಡಾ ಮೀರಬಾರದು ಅಂತ ಜರ್ಮನಿಯಲ್ಲಿ ಬರೆದಿಟ್ಟಿದ್ದಾರೆ.

ತಟ್ಟೆಲೋಟ
ಎರಡು ಚಮಚ ಹಾಕಿದರೆ 10 ಶೇಕಡಾ ಎಲ್ಲಿ ಆಗುತ್ತದೆ? ಅಂಗಡಿಗೆ ಮಾಡುತ್ತಿಲ್ಲವಲ್ಲ ಅವರು, ಮನೆಗೆ.

ಕಲ್ಲುಒಲೆ
ಒಳ್ಳೆ ಒಲೆ ಇದ್ದರೆ ಅರ್ಧ ತೊಂದರೆ ಇರುವುದಿಲ್ಲ. ನಾನು ಹೋದ ವರ್ಷ 60 ಲೀಟರಿನದ್ದು ತೆಗೆದುಕೊಂಡೆ. ಮೇಲಿನ ಕಾಯಿಲ್‌ಗೆ ಬೇರೆ ಗುಂಡಿ, ಕೆಳಗಿನದಕ್ಕೆ ಬೇರೆ. ತಳಕ್ಕೆ ದಪ್ಪ ಕಲ್ಲು ಹಾಕಿಸಿದ್ದೇನೆ, ಬ್ರೆಡ್‌ಗೆ ಬಹಳ ಚೆನ್ನಾಗಿದೆ. ಫೋಟೋ ಬೇಕಾದವರು ಹೇಳಿ.

ಬಿಸಿಒಲೆ
ಕಲ್ಲು ಬಿಸಿ ಆಗಲು ಎಷ್ಟು ಹೊತ್ತು ಬೇಕು? ಕರೆಂಟ್ ಬಿಲ್ ಹೇಗೆ?

ಕಲ್ಲುಒಲೆ
40 ನಿಮಿಷ. ಬಿಲ್ ಸ್ವಲ್ಪ ಜಾಸ್ತಿಯೇ, ಆದರೆ ಬ್ರೆಡ್ ತಳ ನೋಡಿದರೆ ಅದು ನೆನಪಾಗುವುದಿಲ್ಲ.

ಧಾರವಾಡದಕ್ಕ
ಎಲ್ಲಾರೂ ಒಲೆ ಹಿಂದೆ ಬಿದ್ದೀರಿ. ತಂಗಿ, ಒಂದು ಹೇಳು. ಬಾದಾಮಿ ಪುಡಿ ಪ್ಯಾಕೆಟಿನದ್ದಾ, ಮನೆಯಲ್ಲಿ ಮಾಡಿದ್ದಾ?

ನೆಕ್ಕರ್‌ದಂಡೆ
ಮನೆಯದ್ದೇ ಅಕ್ಕ. ಎಲ್ಲರೂ ಮಾಡುವ ಹಾಗೆ. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಸಿಪ್ಪೆ ಸುಲಿದು, ಬಟ್ಟೆಯಲ್ಲಿ ಒರೆಸಿ ಮಿಕ್ಸಿಗೆ ಹಾಕಿದೆ. ರುಬ್ಬಿದ ಮೇಲೆ 400 ಗ್ರಾಂ ತೂಗಿದೆ.

ಧಾರವಾಡದಕ್ಕ
ಅಲ್ಲೇ ಇದೆ ನೋಡು! ಬಾದಾಮಿ ಹಾಲಿಗೆ, ಹಲ್ವಾಗೆ ನೆನೆಸುವುದು ಸರಿ. ಇದಕ್ಕೆ ಬೇಡ. ಒಂದು ಹಿಡಿ ಬಾದಾಮಿ ನೆನೆಸುವ ಮುಂಚೆ ತೂಗು, ಸಿಪ್ಪೆ ತೆಗೆದ ಮೇಲೆ ತೂಗು.

ನೆಕ್ಕರ್‌ದಂಡೆ
ತೂಗಿದೆ ಅಕ್ಕ. ಒಣಗಿದ್ದು 100 ಗ್ರಾಂ. ನೆನೆದು ಸಿಪ್ಪೆ ತೆಗೆದ ಮೇಲೆ 130.

ಧಾರವಾಡದಕ್ಕ
ಹಂಗಾದರೆ ನಿನ್ನ 400ರಲ್ಲಿ ಬಾದಾಮಿ 300ರ ಆಸುಪಾಸು, ಮಿಕ್ಕ 90 ಗ್ರಾಂ ನೀರು. 3 ಮೊಟ್ಟೆಯ ಬಿಳಿ ತೂಗಿದರೂ 100 ಗ್ರಾಂ ಬರುತ್ತದೆ. ಅಂದರೆ ಬಾದಾಮಿ ಕಮ್ಮಿ ಮಾಡಿ ಇನ್ನೂ ಮೂರು ಮೊಟ್ಟೆಯ ಬಿಳಿ ಸುರಿದ ಹಾಗಾಯಿತು. ಹರಡದೆ ಏನಾಗುತ್ತದೆ?

ಒಣ ಬಾದಾಮಿ ಸಿಪ್ಪೆ ಸಮೇತ ಪುಡಿ ಮಾಡು. ಅಲ್ಲಿನವರೂ ಸಿಪ್ಪೆ ಸಮೇತವೇ ಹಾಕುವುದು, ಆ ಕಂದು ಚುಕ್ಕಿ ಅದರಿಂದಲೇ. ಮಿಕ್ಸಿಯನ್ನು ಒಂದೇ ಸಮ ಓಡಿಸಬೇಡ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಅಳತೆಯ ಸಕ್ಕರೆಯಲ್ಲೇ ಎರಡು ಚಮಚ ಜೊತೆಗೆ ಹಾಕಿ, ಬಿಟ್ಟು ಬಿಟ್ಟು ತಿರುಗಿಸು. ಅಂಗೈಯಲ್ಲಿ ಹಿಡಿದು ಅದುಮಿದರೆ ಚಿರೋಟಿ ರವೆ ಹಾಗೆ ಉದುರಬೇಕು. ಹಿಟ್ಟು ಒಂದು ಗಂಟೆ ಫ್ರಿಜ್‌ನಲ್ಲಿಡು. ಎರಡು ಪ್ಲಾಸ್ಟಿಕ್ ಹಾಳೆ ನಡುವೆ 1 ಸೆಂಟಿಮೀಟರ್ ದಪ್ಪ ಲಟ್ಟಿಸು. ಅಚ್ಚನ್ನು ಪ್ರತಿ ಸಲ ತಣ್ಣೀರಿನಲ್ಲಿ ಅದ್ದು.

ಬಿಸಿಒಲೆ
ಅಕ್ಕ ಹೇಳಿದ್ದು ಒಪ್ಪಿದೆ. ಆದರೆ ಲೇಪ ಹಳದಿ ಆಗುವುದು ಕಾವಿನಿಂದಲೇ. ತರ್ಮಾಮೀಟರ್ ತನ್ನಿ.

ನೆಕ್ಕರ್‌ದಂಡೆ
ಶನಿವಾರ ರಾತ್ರಿ ಬರೆಯುತ್ತಿದ್ದೇನೆ. ಈ ಸಲ ಹಿಟ್ಟು ಕೈಗೆ ಅಂಟಲೇ ಇಲ್ಲ. ಅಚ್ಚು ಎತ್ತಿದರೆ ನಕ್ಷತ್ರ ಟಪ್ ಅಂತ ಹಾಳೆ ಮೇಲೆ ಬಿತ್ತು. ಮೊನೆಗಳು ಚೂಪಾಗಿ ಹಾಗೇ ಉಳಿದವು. ಒಳಗೆ ಮೆತ್ತಗಿದೆ. ಧಾರವಾಡದಕ್ಕ, ನಿಮ್ಮನ್ನು ಹೇಗೆ ನೆನೆಯಲಿ! ಸಿಲೋನ್ ಚಕ್ಕೆಯನ್ನೂ ತಂದೆ, ಪರಿಮಳ ಮೆದುವಾಗಿ ಬಂತು. ಬಿಳಿ ಲೇಪ ಮಾತ್ರ ಅಂಚಿನಲ್ಲಿ ಇನ್ನೂ ಹಳದಿ. ಅದು ಯಾಕೆ?

ಬಿಸಿಒಲೆ
ತಟ್ಟೆ ಯಾವ ಅಂತಸ್ತಿನಲ್ಲಿ ಇಟ್ಟಿದ್ದಿರಿ? ನಡುವೆಯಾದರೆ ಒಂದು ಅಂತಸ್ತು ಕೆಳಗಿಳಿಸಿ. ತರ್ಮಾಮೀಟರ್ ಬಂತಾ?

ಮಲೆನಾಡಗಿತ್ತಿ
ನಡುವೆ ಬಂದೆ, ಕ್ಷಮಿಸಿ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ನೊರೆ ಬರಿಸಿ ಮಾಡಿದವರು ಇದ್ದೀರಾ? ಲೇಪ ಬಿಳಿಯಾಗೇ ಉಳಿಯುತ್ತದಾ?